ಹದಿಮೂರರ ಮಗ್ಗಿ ಮತ್ತು ಐದು ಕಿಲೋಮೀಟರ್

ಮಣ್ಣಗುಡ್ಡದ ನಮ್ಮ ಮನೆಯಿಂದ ಮಂಗಳಾ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ಇಷ್ಟು ಹತ್ತಿರವಿದ್ದರೂ ಅರುವತ್ತು ದಾಟುವವರೆಗೆ ನಾನು ಅದರ ಒಳಗೆ ಕಾಲಿಟ್ಟದ್ದು ಬೆರಳೆಣಿಕೆಯಷ್ಟು ಸಲ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಕ್ಲಾರ್ಕ್ ಆಗಿ ಸೇರಿದವನು ಕ್ಲಾರ್ಕ್ ಆಗಿಯೇ ನಿವೃತ್ತನಾದೆ. ಪ್ರಮೋಷನ್ ತೆಗೆದುಕೊಂಡರೆ ಊರು ಬಿಡಬೇಕಾಗುತ್ತದೆ ಎಂದು ಪ್ರಮೋಷನ್ನೇ ಬೇಡ ಎಂದವರಲ್ಲಿ ನಾನೂ ಒಬ್ಬ. ಅಷ್ಟು ವರ್ಷ ನಾನು ಮಾಡಿದ ಓಟವೆಂದರೆ ಬೆಳಿಗ್ಗೆ ಸಿಟಿ ಬಸ್ಸಿನ ಹಿಂದೆ ಓಡಿದ್ದು ಮಾತ್ರ.

ಅರುವತ್ತೊಂಬತ್ತನೇ ವರ್ಷದಲ್ಲಿ ಎದೆಗೆ ಒಂದು ಸ್ಟೆಂಟ್ ಬಂತು. ಡಾಕ್ಟರು ‘ದಿನಾ ನಡೆಯಿರಿ’ ಎಂದರು. ಹಾಗೆ ಕ್ರೀಡಾಂಗಣದ ಪರಿಚಯವಾಯಿತು. ಬೆಳಿಗ್ಗೆ ಐದೂಮುಕ್ಕಾಲಕ್ಕೆ ಅಲ್ಲಿಗೆ ಹೋದರೆ ನನ್ನಂಥ ಹತ್ತಾರು ಜನ ಸಿಗುತ್ತಾರೆ. ಯಾರದು ಬಿ.ಪಿ., ಯಾರದು ಸಕ್ಕರೆ, ಯಾರದು ಮಂಡಿನೋವು ಎಂದು ಎಲ್ಲರಿಗೂ ಎಲ್ಲರದೂ ಗೊತ್ತು. ಮಾತಾಡುತ್ತಾ ಸುತ್ತು ಹಾಕುವುದು, ಏಳಕ್ಕೆ ಮನೆಗೆ ಬಂದು ಕಾಫಿ ಕುಡಿಯುವುದು. ನನ್ನ ಕ್ರೀಡಾಜೀವನ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದೇ ಇದ್ದದ್ದು ನನ್ನ ಮೊಮ್ಮಗಳಿಂದ.

ಅವಳನ್ನು ನಾವು ಪುಟ್ಟಿ ಎಂದೇ ಕರೆಯುವುದು. ಆಗ ಏಳನೇ ಕ್ಲಾಸು. ಶಾಲೆಯ ಕ್ರೀಡಾದಿನದಲ್ಲಿ 800 ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದಳು. ಮೊದಲ ಸುತ್ತಿನ ಅರ್ಧದವರೆಗೆ ಎಲ್ಲರಿಗಿಂತ ಮುಂದೆ ಇದ್ದಳಂತೆ. ಎರಡನೇ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡು ಮೈದಾನದ ನಡುವೆ ಕೂತುಬಿಟ್ಟಳು. ಯಾರೋ ನಕ್ಕರು. ಮನೆಗೆ ಬಂದವಳು ಬೂಟನ್ನು ಮಂಚದ ಅಡಿಗೆ ಎಸೆದು, ‘ನಂಗೆ ಓಟ ಬರುದಿಲ್ಲ. ಇನ್ನು ನಾನು ಓಡುದೇ ಇಲ್ಲ’ ಎಂದಳು.

‘ಓಟ ಬರದವರು ಯಾರೂ ಇಲ್ಲ ಮಗಾ. ನೀನು ಖರ್ಚು ಮಾಡಿದ್ದು ತಪ್ಪು. ಇಡೀ ತಿಂಗಳ ಸಂಬಳ ಮೊದಲ ವಾರವೇ ಮುಗಿಸಿದೆ, ಅಷ್ಟೇ’ ಎಂದೆ.

ಅವಳು ನನ್ನನ್ನೇ ನೋಡಿದಳು. ‘ಹೇಳ್ಳಿಕ್ಕೆ ಸುಲಭ ಅಜ್ಜಾ. ನೀವು ಓಡಿ ನೋಡುವಾ. ನೀವು ಓಡಿದ್ರೆ ನಾನೂ ಓಡ್ತೇನೆ.’

ಮಕ್ಕಳ ಎದುರು ಮಾತಾಡುವಾಗ ಜಾಗ್ರತೆ ಬೇಕು. ಅದು 2023ರ ಆಗಸ್ಟ್. ನವೆಂಬರಿನಲ್ಲಿ ನಮ್ಮ ಊರಿನ ಮ್ಯಾರಥಾನ್ ಇತ್ತು, ಅದರಲ್ಲಿ 5 ಕಿಲೋಮೀಟರಿನ ಓಟವೂ ಇತ್ತು. ಇಬ್ಬರೂ ಹೆಸರು ಕೊಡುವುದೆಂದು ಒಪ್ಪಂದವಾಯಿತು.

ಇಲ್ಲಿ ಒಂದು ಮಾತು. ನಮ್ಮಲ್ಲಿ ರಸ್ತೆಯಲ್ಲಿ ಓಡುವ ಎಲ್ಲದಕ್ಕೂ ಮ್ಯಾರಥಾನ್ ಎನ್ನುವ ರೂಢಿ ಇದೆ. ಲೆಕ್ಕ ಬರೆದ ಕೈಗೆ ಇದು ಸಹಿಸುವುದಿಲ್ಲ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್, ಒಂದು ಮೀಟರ್ ಕಡಿಮೆಯೂ ಅಲ್ಲ. ಗ್ರೀಸ್ ದೇಶದ ಮ್ಯಾರಥಾನ್ ಎಂಬಲ್ಲಿ ಯುದ್ಧ ಗೆದ್ದ ಸುದ್ದಿಯನ್ನು ಒಬ್ಬ ದೂತ ಅಥೆನ್ಸಿನವರೆಗೆ ಓಡಿ ತಲುಪಿಸಿದ ಎಂಬ ಕತೆಯಿಂದ ಈ ಹೆಸರು ಬಂತು. 1896ರಲ್ಲಿ ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಈ ಓಟವನ್ನು ಗೆದ್ದವರು ಸ್ಪಿರಿಡಾನ್ ಲೂಯಿಸ್ ಎಂಬ ನೀರು ಹೊರುವ ವೃತ್ತಿಯ ಮನುಷ್ಯ. ಆಗ ದೂರ ಸುಮಾರು 40 ಕಿಲೋಮೀಟರ್ ಇತ್ತು. ಈಗಿನ ಅಳತೆ 1908ರ ಲಂಡನ್ ಒಲಿಂಪಿಕ್ಸಿನಿಂದ ಬಂದದ್ದು. ನಾವು ಓಡಲು ಹೊರಟದ್ದು ಅದರ ಎಂಟನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಮೊದಲ ಸಲ ಓಡುವವನಿಗೆ ಅದೇ ಸಮುದ್ರ.

ಮನೆಯಲ್ಲಿ ಗಲಾಟೆ ಆಯಿತು. ಮಗ, ‘ಅಪ್ಪಾ, ನಿಮಗೆಂತ ಹುಚ್ಚಾ?’ ಎಂದ. ನನ್ನ ಹೆಂಡತಿ ಏನೂ ಹೇಳಲಿಲ್ಲ, ಪಾತ್ರೆಗಳ ಶಬ್ದ ಮಾತ್ರ ಜೋರಾಯಿತು. ಕೊನೆಗೆ ಡಾಕ್ಟರ ಹತ್ತಿರ ಹೋದೆವು. ನನ್ನ ಪ್ರಾಯದವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಎಪ್ಪತ್ತರ ಮೇಲೆ ಓಡುವುದಕ್ಕೆ ಹೊರಡುವ ಮೊದಲು, ಎದೆಯ ತೊಂದರೆ ಇರಲಿ ಇಲ್ಲದಿರಲಿ, ಡಾಕ್ಟರನ್ನು ಕೇಳದೆ ಹೆಜ್ಜೆ ಇಡಬಾರದು. ಅವರು ನನ್ನನ್ನು ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ ಪರೀಕ್ಷೆ ಮಾಡಿದರು, ಮಾತ್ರೆಗಳ ಚೀಟಿ ನೋಡಿದರು. ಆಮೇಲೆ ಎರಡು ಷರತ್ತು ಹಾಕಿದರು. ಒಂದು, ಓಡುವಾಗ ಪಕ್ಕದವರೊಡನೆ ಮಾತಾಡಲು ಆಗುತ್ತಿರಬೇಕು. ಮಾತು ನಿಂತರೆ ವೇಗ ಹೆಚ್ಚಾಗಿದೆ ಎಂದು ಅರ್ಥ. ಎರಡು, ಎದೆ ಬಿಗಿದರೆ, ಕೈಗೋ ದವಡೆಗೋ ನೋವು ಹೋದರೆ, ತಲೆ ತಿರುಗಿದರೆ, ತಣ್ಣಗಿನ ಬೆವರು ಬಂದರೆ ಅಲ್ಲೇ ನಿಲ್ಲಬೇಕು. ‘ಇನ್ನು ಸ್ವಲ್ಪವೇ ಇರುವುದು, ಮುಗಿಸಿಬಿಡುತ್ತೇನೆ ಎಂದು ಹೋಗಬೇಡಿ’ ಎಂದು ಕೊನೆಗೆ ಇನ್ನೊಮ್ಮೆ ಹೇಳಿದರು.

ಮೊದಲ ಷರತ್ತಿಗೆ ಪುಟ್ಟಿ ಒಂದು ಉಪಾಯ ಹುಡುಕಿದಳು. ಓಡುವಾಗ ಎಂತ ಮಾತಾಡುವುದು ಎಂದು ಯೋಚಿಸುವುದೇ ಬೇಡ, ಹದಿಮೂರರ ಮಗ್ಗಿ ಹೇಳುವುದು. ಅವಳಿಗೆ ಹದಿಮೂರರ ಮಗ್ಗಿ ಬರುತ್ತಿರಲಿಲ್ಲ, ಹೀಗಾಗಿ ಅದೂ ಕಲಿತಂತಾಯಿತು. ಹದಿಮೂರ್ ಒಂದ್ಲಾ ಹದಿಮೂರು ಎಂದು ಶುರು ಮಾಡಿದರೆ ಉಸಿರು ಕಟ್ಟದೆ ನೂರ ಮೂವತ್ತಕ್ಕೆ ಮುಟ್ಟಬೇಕು. ಮುಟ್ಟಿದರೆ ವೇಗ ಸರಿ. ನಡುವೆ ಸಿಕ್ಕಿಬಿದ್ದರೆ ನಡೆಯಬೇಕು.

ಹತ್ತು ವಾರದ ಅಭ್ಯಾಸ ಹೀಗೆ. ವಾರಕ್ಕೆ ಮೂರು ದಿನ ಮಾತ್ರ ಓಟ, ನಡುವಿನ ದಿನ ಬರೀ ನಡಿಗೆ ಅಥವಾ ವಿಶ್ರಾಂತಿ. ಮೊದಲ ವಾರ ಒಂದು ನಿಮಿಷ ಮೆಲ್ಲ ಓಡುವುದು, ಎರಡು ನಿಮಿಷ ನಡೆಯುವುದು, ಹೀಗೆ ಹತ್ತು ಸಲ. ಪ್ರತಿ ವಾರ ಓಟಕ್ಕೆ ಅರ್ಧ ನಿಮಿಷ ಸೇರಿಸುತ್ತಾ ಹೋದೆವು, ಸಲಗಳನ್ನು ಕಡಿಮೆ ಮಾಡಿದೆವು. ಒಂಬತ್ತನೇ ವಾರಕ್ಕೆ ಐದು ನಿಮಿಷ ಓಡಿ ಒಂದೆರಡು ನಿಮಿಷ ನಡೆಯುವ ಮಟ್ಟಿಗೆ ಬಂದೆವು. ನಡುವೆ ನಡೆಯುವುದು ಸೋಲು ಎಂದು ಪುಟ್ಟಿ ತಿಳಿದಿದ್ದಳು. ಸೋಲಲ್ಲ. ಸ್ನಾಯು, ಎಲುಬು, ಹೃದಯ ಎಲ್ಲವೂ ಬಲವಾಗುವುದು ದಣಿದ ಮೇಲೆ ಸಿಗುವ ವಿಶ್ರಾಂತಿಯಲ್ಲಿ. ಉಸಿರು ಬೇಗ ಪಳಗುತ್ತದೆ, ಮಂಡಿ ಮತ್ತು ಹಿಮ್ಮಡಿ ನಿಧಾನವಾಗಿ ಪಳಗುತ್ತವೆ. ಉಸಿರಿನ ಮಾತು ಕೇಳಿ ಮಂಡಿಯನ್ನು ಅವಸರ ಮಾಡಿದವರೇ ಮೂರನೇ ವಾರ ಕುಂಟುವುದು.

ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಮಕ್ಕಳಿಗೆ ಒಂದು ಒಳ್ಳೆಯ ಲೆಕ್ಕ ಇದೆ. ಒಳಗಿನ ಮೊದಲ ಲೇನಿನಲ್ಲಿ ಒಂದು ಸುತ್ತು 400 ಮೀಟರ್. ಐದು ಕಿಲೋಮೀಟರ್ ಆಗಬೇಕಾದರೆ ಹನ್ನೆರಡೂವರೆ ಸುತ್ತು. ಹೊರಗೆ ಒಂದೊಂದು ಲೇನ್ ಸರಿದಂತೆ ಸುತ್ತು ಏಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಎಂಟನೇ ಲೇನಿಗೆ ಬರುವಾಗ ಒಂದು ಸುತ್ತಿಗೆ ಸುಮಾರು 453 ಮೀಟರ್. ಯಾಕೆ ಹೀಗೆ ಎಂದು ವೃತ್ತದ ಪರಿಧಿಯ ಸೂತ್ರ ಹಿಡಿದು ನೀವೇ ಲೆಕ್ಕ ಹಾಕಿ; ಲೇನಿನ ಅಗಲ 1.22 ಮೀಟರ್. ನಮ್ಮಂಥ ನಿಧಾನದವರು ಹೊರಗಿನ ಲೇನಿನಲ್ಲೇ ಇರಬೇಕು. ಒಳಗಿನದು ಸ್ಪರ್ಧೆಗೆ ತಯಾರಾಗುವ ಹುಡುಗ ಹುಡುಗಿಯರಿಗೆ ಬಿಟ್ಟುಕೊಡಬೇಕಾದದ್ದು ಮರ್ಯಾದೆ.

ಆ ಹುಡುಗರು ನಮ್ಮನ್ನು ದಾಟಿ ಹೋಗುವಾಗ ಪುಟ್ಟಿಯ ಕಾಲು ತಾನಾಗಿ ಜೋರಾಗುತ್ತಿತ್ತು. ಒಂದು ದಿನ ಅವಳಿಗೆ ಕಂಬಳದ ಕತೆ ಹೇಳಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಭಾಗಾಕಾರ ಮಾಡಿದರೆ ನೂರು ಮೀಟರಿಗೆ ಹತ್ತು ಸೆಕೆಂಡಿಗಿಂತ ಕಡಿಮೆ. ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು, ಟ್ರ್ಯಾಕಿಗೆ ಬನ್ನಿ ಎಂದು ಕರೆ ಬಂತು. ಅವರು ಮಾತ್ರ ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ನೆಲದ ಮೇಲೆ ನಿಂತು ಮಾತಾಡಿದರು. ಕೆಸರಿನಲ್ಲಿ ಕೋಣಗಳನ್ನು ಹಿಡಿದು ಓಡುವ ಕಾಲಿನ ಲೆಕ್ಕ ಬೇರೆ ತಾನೆ? ‘ಅಷ್ಟು ದೊಡ್ಡ ಓಟಗಾರರೇ ತನ್ನ ಓಟ ಯಾವುದೆಂದು ತಿಳಿದಿದ್ದಾರೆ. ನಿನ್ನ ಓಟ ನಿನ್ನದು’ ಎಂದು ಅವಳಿಗೆ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಕೇಳಿಸಿಕೊಳ್ಳಬೇಕಾದದ್ದು ನಾನಾಗಿತ್ತು ಎಂದು ಆಗ ಗೊತ್ತಿರಲಿಲ್ಲ.

ಇನ್ನು ಬೂಟಿನ ವಿಷಯ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಯಾಕೆಂದರೆ ದಿನವಿಡೀ ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗ ಇರಲಿ. ಬೆಲೆ ಹೆಚ್ಚಿನದ್ದೇ ಆಗಬೇಕೆಂದಿಲ್ಲ. ಆದರೆ ಓಟದ ದಿನ ಹೊಸ ಬೂಟು ಹಾಕಲೇಬೇಡಿ. ಸ್ಪರ್ಧೆಯ ದಿನ ಹೊಸತು ಎನ್ನುವುದು ಯಾವುದೂ ಬೇಡ: ಹೊಸ ಸಾಕ್ಸ್ ಬೇಡ, ಹೊಸ ತಿಂಡಿ ಬೇಡ. ನಮ್ಮ ಕರಾವಳಿಯಲ್ಲಿ ನವೆಂಬರಿನ ಬೆಳಿಗ್ಗೆಯೂ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ. ಬೆವರು ಬರುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಓಡಿ ರೂಢಿಯಾದವರೂ ಇಲ್ಲಿ ವೇಗ ಇಳಿಸಬೇಕು. ಹತ್ತಿಯ ಬನಿಯನ್ ಒದ್ದೆಯಾಗಿ ಭಾರವಾಗುತ್ತದೆ, ಬೇಗ ಒಣಗುವ ತೆಳ್ಳಗಿನ ಅಂಗಿ ಒಳ್ಳೆಯದು. ಮೈ ಉಜ್ಜುವ ಕಡೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ.

ಓಟದ ಹಿಂದಿನ ರಾತ್ರಿ ಗಂಜಿ ಊಟ ಮಾಡಿದೆವು. ಅಂಗಿಗೆ ನಂಬರಿನ ಚೀಟಿಯನ್ನು ನಾಲ್ಕು ಪಿನ್ ಚುಚ್ಚಿ ರಾತ್ರಿಯೇ ಸಿಕ್ಕಿಸಿ ಇಟ್ಟೆವು. ಆ ಚೀಟಿಯ ಹಿಂದೆ ಸಮಯ ಅಳೆಯುವ ಚಿಪ್ ಇರುವುದುಂಟು, ಮಡಚಬಾರದು. ಚೀಟಿಯ ಹಿಂಬದಿಯಲ್ಲಿ ನನ್ನ ರಕ್ತದ ಗುಂಪು, ಸೇವಿಸುವ ಮಾತ್ರೆ, ಮಗನ ಫೋನ್ ನಂಬರ್ ಬರೆದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಂದು ಬಾಳೆಹಣ್ಣು, ಅರ್ಧ ಲೋಟ ನೀರು. ಪುಟ್ಟಿಗೆ ಹೊಟ್ಟೆಯೊಳಗೆ ಚಿಟ್ಟೆ ಹಾರಿದಂತೆ ಆಗುತ್ತಿತ್ತಂತೆ. ‘ಅದು ಎಲ್ಲರಿಗೂ ಆಗ್ತದೆ, ಆಡಿಟ್ ದಿನ ನನಗೂ ಆಗ್ತಿತ್ತು’ ಎಂದೆ.

ಕ್ರೀಡಾಂಗಣದ ಹತ್ತಿರ ಹೋದರೆ ಜಾತ್ರೆ. ದೀಪ, ಮೈಕು, ಹಾಡು. ಹತ್ತು ವರ್ಷದ ಮಕ್ಕಳಿಂದ ನನ್ನ ಪ್ರಾಯದವರವರೆಗೆ ಒಂದೇ ಬಣ್ಣದ ಅಂಗಿ. ಮೊದಲ ಸಲ ಓಡುವವರು ಹಿಂದೆ ನಿಲ್ಲಬೇಕು, ಮುಂದೆ ನಿಂತರೆ ವೇಗದವರು ದೂಡಿಕೊಂಡು ಹೋಗುತ್ತಾರೆ. ಇದು ನನಗೆ ಗೊತ್ತಿತ್ತು. ಆದರೂ ಯಾರೋ ‘ಹಿರಿಯರು ಬಂದರು, ದಾರಿ ಬಿಡಿ’ ಎಂದು ಚಪ್ಪಾಳೆ ತಟ್ಟಿದರು, ನಾನು ಉಬ್ಬಿ ಮುಂದೆ ಹೋಗಿ ನಿಂತೆ.

ಓಟ ಶುರುವಾಯಿತು. ಅಭ್ಯಾಸದಲ್ಲಿ ನಮ್ಮದು ಕಿಲೋಮೀಟರಿಗೆ ಹತ್ತು ನಿಮಿಷ. ಅವತ್ತು ಮೊದಲ ಕಿಲೋಮೀಟರಿನ ಫಲಕ ಬಂದಾಗ ಗಡಿಯಾರ ನೋಡಿದೆ, ಏಳು ನಿಮಿಷ. ನನಗೆ ಖುಷಿಯೋ ಖುಷಿ. ರಸ್ತೆಯ ಬದಿಯಲ್ಲಿ ನಿಂತವರು ‘ಅಜ್ಜ ಸೂಪರ್!’ ಎನ್ನುತ್ತಿದ್ದರು. ಪುಟ್ಟಿ ಪಕ್ಕದಿಂದ, ‘ಅಜ್ಜಾ, ಮಗ್ಗಿ ಹೇಳಿ’ ಎಂದಳು. ಕೈ ಬೀಸಿ ಸುಮ್ಮನಾಗಿಸಿದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅದು ಓವರ್‌ಡ್ರಾಫ್ಟ್. ಇಲ್ಲದ ಹಣವನ್ನು ತೆಗೆದು ಖರ್ಚು ಮಾಡುತ್ತಿದ್ದೆ, ಬಡ್ಡಿ ಓಡುತ್ತಿತ್ತು.

ಎರಡು ಕಿಲೋಮೀಟರ್ ದಾಟಿದ ಮೇಲೆ ಒಂದು ಏರು. ನಮ್ಮ ಊರಿನಲ್ಲಿ ಏರು ಇಲ್ಲದ ರಸ್ತೆ ಎಲ್ಲಿದೆ? ಅರ್ಧ ಏರುವಾಗ ಪುಟ್ಟಿ ನನ್ನ ಮುಂದೆ ಬಂದು ಹಿಂದಕ್ಕೆ ತಿರುಗಿ ಓಡುತ್ತಾ, ‘ಈಗ ಹೇಳಿ’ ಎಂದಳು. ನಾನು ಶುರು ಮಾಡಿದೆ. ಹದಿಮೂರು, ಇಪ್ಪತ್ತಾರು, ಮೂವತ್ತೊಂಬತ್ತು, ಐವತ್ತೆರಡು. ಮುಂದೆ ಉಸಿರು ಇರಲಿಲ್ಲ. ಎದೆಯ ನಡುವೆ ಯಾರೋ ಮುಷ್ಟಿ ಇಟ್ಟಂತೆ ಸಣ್ಣ ಬಿಗಿ.

ಆಗ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಮೊದಲು ಬಂದದ್ದು ಭಯವಲ್ಲ, ನಾಚಿಕೆ. ಮಗ ಹೇಳಿದ್ದೇ ನಿಜವಾಯಿತಲ್ಲ ಎಂಬ ನಾಚಿಕೆ. ಇನ್ನು ಅರ್ಧ ದಾರಿ, ಮೆಲ್ಲಗೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಪದಕ ಸಿಕ್ಕಿದ ಮೇಲೆ ನೋಡೋಣ ಎಂದುಕೊಂಡು ಹತ್ತು ಹೆಜ್ಜೆ ಹೋದೆ. ‘ಅಜ್ಜಾ, ನೀವು ಐವತ್ತೆರಡಕ್ಕೆ ನಿಂತ್ರಿ’ ಎಂದಳು ಪುಟ್ಟಿ. ಅವಳ ಮುಖದಲ್ಲಿ ಭಯ ಇತ್ತು. ಅದನ್ನು ನೋಡಿ ನಾನು ನಿಂತೆ. ಒಂದು ಮನೆಯ ಕಂಪೌಂಡಿಗೆ ಒರಗಿ ಕೂತೆ. ಸ್ವಯಂಸೇವಕ ಹುಡುಗನೊಬ್ಬ ಓಡಿ ಬಂದ, ಆಂಬುಲೆನ್ಸ್ ಕರೆಸಿದ.

‘ನೀನು ಹೋಗು ಮಗಾ, ಇವರೆಲ್ಲ ಇದ್ದಾರೆ, ನೀನು ಮುಗಿಸು’ ಎಂದೆ. ಅವಳು ನನ್ನ ಅಂಗಿಯ ತುದಿ ಹಿಡಿದುಕೊಂಡವಳು ಬಿಡಲಿಲ್ಲ. ಆಂಬುಲೆನ್ಸಿನಲ್ಲೂ ಹಾಗೆಯೇ ಕೂತಿದ್ದಳು.

ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿದರು, ರಕ್ತ ಪರೀಕ್ಷೆ ಮಾಡಿದರು, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿದರು. ಹೃದಯಕ್ಕೆ ಹಾನಿ ಆಗಿರಲಿಲ್ಲ. ನನ್ನ ಡಾಕ್ಟರು ಬಂದು ನೋಡಿ, ‘ನೀವು ಮಾಡಿದ ಒಂದೇ ಒಳ್ಳೆಯ ಕೆಲಸ ನಿಂತದ್ದು’ ಎಂದರು. ಮಗ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸಂಜೆ ಮನೆಗೆ ಬಂದೆವು. ಪುಟ್ಟಿ ಅಂಗಿಯ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ನಂಬರಿನ ಚೀಟಿಯನ್ನು ಪುಸ್ತಕದ ನಡುವೆ ಇಡುತ್ತಿದ್ದಳು. ಅದನ್ನು ನೋಡಿದಾಗಲೇ ನನಗೆ ಪೂರ್ತಿ ಲೆಕ್ಕ ಅರ್ಥವಾದದ್ದು. ಆ ಮಗು ಹತ್ತು ವಾರ ಕತ್ತಲೆಯಲ್ಲಿ ಎದ್ದಿತ್ತು. ‘ನನಗೆ ಓಟ ಬರುವುದಿಲ್ಲ’ ಎಂದವಳು ಐದು ಕಿಲೋಮೀಟರಿಗೆ ತಯಾರಾಗಿದ್ದಳು. ಅವತ್ತು ಅವಳು ಸರಿಯಾಗಿಯೇ ಓಡುತ್ತಿದ್ದಳು. ಮೊದಲ ವಾರದಲ್ಲೇ ಸಂಬಳ ಮುಗಿಸಿದವನು ನಾನು. ನನ್ನ ಏಳು ನಿಮಿಷದ ಜಂಬಕ್ಕೆ ಬಡ್ಡಿ ಕಟ್ಟಿದ್ದು ಅವಳು.

ಅವಳ ಹತ್ತಿರ ಹೋಗಿ ಕೂತು, ‘ತಪ್ಪಾಯ್ತು ಮಗಾ’ ಎಂದೆ. ದೊಡ್ಡವರು ಮಕ್ಕಳಲ್ಲಿ ತಪ್ಪಾಯಿತು ಎನ್ನುವ ರೂಢಿ ನಮ್ಮ ಕಾಲದ ಮನೆಗಳಲ್ಲಿ ಇರಲಿಲ್ಲ. ನನಗೂ ಅದು ಮೊದಲ ಸಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರುವ ವರ್ಷ ಹಿಂದೆ ನಿಲ್ಲುವಾ ಅಜ್ಜಾ’ ಎಂದಳು.

ಬರುವ ವರ್ಷ! ನಾನು ಇನ್ನು ಓಟದ ಹೆಸರೆತ್ತಬಾರದು ಎಂದು ತೀರ್ಮಾನ ಮಾಡಿಯಾಗಿತ್ತು. ಆದರೆ ಹಾಗೆ ಬಿಟ್ಟರೆ ಅವಳು ಕಲಿಯುವ ಪಾಠ ಏನು? ಒಮ್ಮೆ ಕೂತವರು ಮತ್ತೆ ಏಳಬಾರದು ಎಂದೇ? ಶಾಲೆಯ ಮೈದಾನದಲ್ಲಿ ಅವಳು ಕಲಿತದ್ದೇ ಅದು, ಅದನ್ನು ಬಿಡಿಸಲಿಕ್ಕೇ ಅಲ್ಲವೆ ನಾವು ಹೊರಟದ್ದು?

ಎರಡು ತಿಂಗಳು ಡಾಕ್ಟರ ಕಣ್ಣಿನಡಿ ಬರೀ ನಡೆದೆ. ಮಾತ್ರೆ ಸ್ವಲ್ಪ ಬದಲಾಯಿತು, ಮತ್ತೆ ಪರೀಕ್ಷೆ ಆಯಿತು. ಹೆಚ್ಚು ನಡೆದು ಸ್ವಲ್ಪವೇ ಓಡಬಹುದು ಎಂಬ ಅನುಮತಿ ಸಿಕ್ಕಿತು. ಮಗ ಈ ಸಲ ಬೇರೆ ಷರತ್ತು ಹಾಕಿದ: ‘ಪುಟ್ಟಿಯ ಜೊತೆ ನಾನು ಓಡುತ್ತೇನೆ. ನೀವು ನಿಮ್ಮ ಪಾಡಿಗೆ ಬನ್ನಿ. ಅವಳು ನಿಮ್ಮನ್ನು ಕಾಯುವುದು ಬೇಡ, ನೀವು ಅವಳನ್ನು ಅಟ್ಟುವುದೂ ಬೇಡ.’ ಸರಿಯಾದ ಮಾತು. ಇಬ್ಬರ ಕಾಲು, ಇಬ್ಬರ ಉಸಿರು ಒಂದೇ ಖಾತೆಯಲ್ಲಿ ಬರೆಯುವಂಥದ್ದಲ್ಲ. ಬ್ಯಾಂಕಿನ ಸ್ನೇಹಿತರೊಬ್ಬರು, ಅವರೂ ನಿವೃತ್ತರು, ನನ್ನ ಜೊತೆಗೆ ನಡೆಯಲು ಒಪ್ಪಿದರು.

ಅಭ್ಯಾಸದ ದಿನಗಳಲ್ಲಿ ಪುಟ್ಟಿ ಎಲ್ಲಿಂದಲೋ ಫೌಜಾ ಸಿಂಗ್ ಅವರ ಚಿತ್ರ ತಂದು ನನ್ನ ಕಪಾಟಿಗೆ ಅಂಟಿಸಿದಳು. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಈ ಅಜ್ಜ ಮೊದಲ ಮ್ಯಾರಥಾನ್ ಓಡಿದ್ದು 2000ದಲ್ಲಿ, ಎಂಬತ್ತೊಂಬತ್ತನೇ ವರ್ಷದಲ್ಲಿ. ನೂರನೇ ವರ್ಷದಲ್ಲಿ, 2011ರಲ್ಲಿ, ಟೊರಾಂಟೊದಲ್ಲಿ ಪೂರ್ತಿ 42.195 ಕಿಲೋಮೀಟರ್ ಮುಗಿಸಿದರು. ಆದರೆ ಗಿನ್ನೆಸ್ ಪುಸ್ತಕದವರು ದಾಖಲೆ ಒಪ್ಪಲಿಲ್ಲ, ಯಾಕೆಂದರೆ ಅವರ ಬಳಿ ಜನನ ಪ್ರಮಾಣಪತ್ರ ಇರಲಿಲ್ಲ. ಕ್ಲಾರ್ಕ್ ಆಗಿದ್ದ ನನಗೆ ಎರಡೂ ಕಡೆಯ ಕಷ್ಟ ಅರ್ಥವಾಗುತ್ತದೆ. ಕಾಗದ ಇಲ್ಲದೆ ಪುಸ್ತಕದಲ್ಲಿ ಬರೆಯುವಂತಿಲ್ಲ. ಪುಸ್ತಕದಲ್ಲಿ ಬರೆಯದಿದ್ದರೆ ಓಡಿದ್ದು ಸುಳ್ಳಾಗುವುದಿಲ್ಲ. ಅವರು 2025ರ ಜುಲೈಯಲ್ಲಿ ತಮ್ಮ ಹಳ್ಳಿಯ ಹತ್ತಿರ ವಾಹನ ಡಿಕ್ಕಿ ಹೊಡೆದು ತೀರಿಹೋದಾಗ ಪುಟ್ಟಿ ಇಡೀ ದಿನ ಮಂಕಾಗಿದ್ದಳು.

2024ರ ನವೆಂಬರ್. ಅದೇ ಕ್ರೀಡಾಂಗಣ, ಅದೇ ಗದ್ದಲ. ಈ ಸಲ ಎಲ್ಲರಿಗಿಂತ ಹಿಂದೆ ನಿಂತೆ. ನನ್ನ ಹಿಂದೆ ಇದ್ದದ್ದು ಆಂಬುಲೆನ್ಸ್ ಒಂದೇ, ಅದೂ ಒಂದು ಧೈರ್ಯವೇ. ಪುಟ್ಟಿಯ ಎರಡು ಜಡೆ ಜನರ ನಡುವೆ ಕಾಣದಾಯಿತು. ಎಲ್ಲರೂ ನಮ್ಮನ್ನು ದಾಟಿದರು. ಮೊದಲ ಕಿಲೋಮೀಟರಿಗೆ ಹನ್ನೊಂದು ನಿಮಿಷ. ಅಷ್ಟು ನಿಧಾನವಾಗಿ ಹೋಗುವುದು ಜೋರಾಗಿ ಓಡುವುದಕ್ಕಿಂತ ಕಷ್ಟ ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಮೊದಲ ಓಟದಲ್ಲಿ ಹಿಡಿತದಲ್ಲಿ ಇಡಬೇಕಾದದ್ದು ಈ ಮೊದಲ ಕಿಲೋಮೀಟರನ್ನು. ಅದನ್ನು ಇನ್ನೊಬ್ಬರು ದಾಟಿ ಹೋಗುವಾಗ ನಗುತ್ತಾ ಕಳೆದಿರೋ, ಉಳಿದ ನಾಲ್ಕು ನಿಮ್ಮ ಮಾತು ಕೇಳುತ್ತವೆ.

ನೀರಿನ ಮೇಜಿನ ಹತ್ತಿರ ನಿಂತು ಎರಡು ಗುಟುಕು ಕುಡಿದೆವು, ಲೋಟವನ್ನು ಬುಟ್ಟಿಗೇ ಹಾಕಿದೆವು. ಏರು ಬಂತು. ಅದನ್ನು ಪೂರ್ತಿ ನಡೆದೆವು. ಕಳೆದ ವರ್ಷ ಒರಗಿ ಕೂತಿದ್ದ ಕಂಪೌಂಡ್ ಕಂಡಾಗ ಸ್ನೇಹಿತರಿಗೆ ತೋರಿಸಿದೆ. ಅವರು, ‘ಇಲ್ಲಿ ನಿಮ್ಮ ಹೆಸರಿನ ಕಲ್ಲು ಹಾಕಿಸುವಾ’ ಎಂದರು. ನಗಲು ಉಸಿರು ಉಳಿದಿತ್ತು, ಆದ್ದರಿಂದ ವೇಗ ಸರಿಯಿತ್ತು. ಮೂರನೇ ಕಿಲೋಮೀಟರಿನ ನಂತರ ಮುಂಚೆ ನಮ್ಮನ್ನು ದಾಟಿ ಹೋದವರಲ್ಲಿ ಕೆಲವರು ಸೊಂಟಕ್ಕೆ ಕೈಯಿಟ್ಟು ನಡೆಯುತ್ತಿದ್ದರು. ಅವರಿಗೆ ಉಪದೇಶ ಹೇಳುವ ಆಸೆ ಆಯಿತು, ನನ್ನ ಹಳೆಯ ಲೆಕ್ಕ ನೆನಪಾಗಿ ಬಾಯಿ ಮುಚ್ಚಿದೆ.

ಕ್ರೀಡಾಂಗಣದ ಗೇಟು ಕಂಡಿತು. ಕೊನೆಯ ಇನ್ನೂರು ಮೀಟರಿನಲ್ಲಿ ಕಾಲು ಅವಸರಪಡಿಸಿತು, ಬಿಡಲಿಲ್ಲ. ಆಚೆ ಬದಿಯಲ್ಲಿ ಹಗ್ಗಕ್ಕೆ ಒರಗಿ ಪುಟ್ಟಿ ನಿಂತಿದ್ದಳು. ಕುತ್ತಿಗೆಯಲ್ಲಿ ಪದಕ, ಮುಖವೆಲ್ಲ ಕೆಂಪು. ನನ್ನನ್ನು ಕಂಡವಳೇ ಎಲ್ಲರಿಗೂ ಕೇಳುವಂತೆ ಕೂಗಿದಳು:

‘ಅಜ್ಜಾ, ಹದಿಮೂರೊಂಬತ್ಲಾ?’

‘ನೂರ ಹದಿನೇಳು!’ ಎಂದು ಕೂಗಿದೆ. ಪಕ್ಕದಲ್ಲಿ ಓಡುತ್ತಿದ್ದ ಹುಡುಗನೊಬ್ಬ ನನ್ನನ್ನು ವಿಚಿತ್ರವಾಗಿ ನೋಡಿದ.

ಅವಳಿಗೆ 36 ನಿಮಿಷ, ನನಗೆ 56. ಗೆರೆ ದಾಟಿದ ಕೂಡಲೇ ಕೂರಬಾರದು, ಐದು ನಿಮಿಷ ನಡೆಯಬೇಕು. ಇಲ್ಲವಾದರೆ ತಲೆ ತಿರುಗುವುದುಂಟು. ನಡೆದೆವು. ಸೊಸೆ ಬೊಂಡದ ನೀರು ತಂದು ಕೊಟ್ಟಳು. ಮನೆಗೆ ಬಂದರೆ ನನ್ನ ಹೆಂಡತಿ ಬನ್ಸ್ ಮಾಡಿಟ್ಟಿದ್ದಳು. ಹೋಗುವಾಗ ಒಂದು ಮಾತೂ ಆಡದವಳು ಯಾವಾಗ ಎದ್ದು ಹಿಟ್ಟು ಲಟ್ಟಿಸಿದಳೋ.

ನನ್ನ ಬಳಿ ಹಳೆಯ ಅಭ್ಯಾಸದ ಒಂದು ಡೈರಿ ಇದೆ, ದಿನದ ಖರ್ಚು ಬರೆಯುವುದಕ್ಕೆ. 2023ರ ಓಟದ ದಿನದ ಪುಟದಲ್ಲಿ ‘2.4 ಕಿ.ಮೀ., ನಿಂತೆ’ ಎಂದಿದೆ. ಹೊಸ ಪುಟದಲ್ಲಿ ‘5 ಕಿ.ಮೀ., ಮುಗಿಸಿದೆ’ ಎಂದು ಬರೆಯುತ್ತಿದ್ದಾಗ ಪುಟ್ಟಿ ಬಂದು ಇಣುಕಿದಳು. ಹಳೆಯ ಪುಟವನ್ನು ತೆಗೆದು ನೋಡಿ, ‘ನಿಂತೆ’ ಎಂಬುದರ ಮುಂದೆ ಕೆಂಪು ಪೆನ್ನಿನಿಂದ ಒಂದು ರೈಟ್ ಮಾರ್ಕ್ ಹಾಕಿದಳು. ಆಮೇಲೆ ಹೊಸತಕ್ಕೂ ಹಾಕಿದಳು.

ಈ ನವೆಂಬರಿಗೆ ಅವಳು ಹತ್ತು ಕಿಲೋಮೀಟರಿಗೆ ಹೆಸರು ಕೊಡಬಹುದೇ ಎಂದು ವಯಸ್ಸಿನ ನಿಯಮ ಓದುತ್ತಿದ್ದಾಳೆ. ನನ್ನದು ಐದೇ. ಹದಿನಾಲ್ಕರ ಮಗ್ಗಿ ಶುರು ಮಾಡಿದ್ದೇವೆ.